ಅಪ್ಪನ ಅಂಬಾಸಿಡರಿನ ಡೈನಮೋ

ಕಳೆದ ವರ್ಷ ತುಳು ಪಂಚಾಂಗದ ಆಟಿ ತಿಂಗಳಿನ ಒಂದು ರಾತ್ರಿ, ವಿಟ್ಲದ ನೆಂಟರ ಮನೆಯಿಂದ ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಹಿಂದಿರುಗುತ್ತಿದ್ದಾಗ, ಅಡ್ಯನಡ್ಕ ದಾಟಿ ಅಡ್ಕಸ್ಥಳದ ಗಡಿ ಸಮೀಪಿಸುವ ಹೊತ್ತಿಗೆ ನಮ್ಮ ಅಂಬಾಸಿಡರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಆ ದೀಪ ಉರಿಯುವುದು ಈ ಕಾರಿನ ಸಹಜ ಗುಣ. ಟಾಪ್ ಗಿಯರಿನಲ್ಲಿ ಓಡುತ್ತಿರುವಾಗಲೂ ಉರಿದರೆ ಎಂಜಿನಿನ ಬೆಲ್ಟಿನಿಂದ ತಿರುಗಿ ಕರೆಂಟು ಹುಟ್ಟಿಸುವ ಡೈನಮೋದಿಂದ ಬ್ಯಾಟರಿಗೆ ಚಾರ್ಜ್ ಹೋಗುತ್ತಿಲ್ಲವೆಂದೇ ತಿಳಿಯಬೇಕು. ಹೊರಗೆ ಜಡಿಮಳೆ, ಎದುರಿನ ಗಾಜಿನ ಮೇಲೆ ವೈಪರ್, ಮುಂದೆ ಎರಡು ಹೆಡ್‌ಲೈಟು, ಇವೆಲ್ಲವೂ ಆ ಕ್ಷಣದಿಂದ ಬ್ಯಾಟರಿಯೊಳಗಿನ ಸಂಗ್ರಹವನ್ನೇ ತಿನ್ನತೊಡಗಿದ್ದವು. ಪೆರ್ಲ ಬರುವಷ್ಟರಲ್ಲಿ ಬೆಳಕು ಹಳದಿಯಾಯಿತು. ಮನೆಯ ಅಂಗಳಕ್ಕೆ ತಿರುಗುವಾಗ ವೈಪರು ಗಾಜಿನ ನಡುವೆ ಉಸಿರು ಹಿಡಿದಂತೆ ನಿಂತು ನಿಂತು ಚಲಿಸುತ್ತಿತ್ತು.

ಈ ಕಾರು 1964ರ ಮಾರ್ಕ್ 2 ಅಂಬಾಸಿಡರ್. ಕಾಸರಗೋಡು ಆಗಿನ್ನೂ ಕಣ್ಣೂರು ಜಿಲ್ಲೆಯ ಒಂದು ತಾಲೂಕಾಗಿತ್ತು; ನಮ್ಮ ಜಿಲ್ಲೆ ಹುಟ್ಟಿದ್ದು 1984ರ ಮೇ ತಿಂಗಳಿನಲ್ಲಿ. ಹಾಗಾಗಿ ನಂಬರ್ ಪ್ಲೇಟಿನಲ್ಲಿ ಇಂದಿಗೂ ಕೆಎಲ್‌ಸಿ ಎಂಬ ಕಣ್ಣೂರಿನ ಅಕ್ಷರಗಳಿವೆ. ಅಪ್ಪ ಇದನ್ನು 1972ರಲ್ಲಿ ಇನ್ನೊಬ್ಬರ ಕೈಯಿಂದ ಕೊಂಡರು. ಅಡಿಕೆ ಮಾರಲು ಮಂಗಳೂರಿಗೆ, ಮದುವೆ ಮುಂಜಿಗಳಿಗೆ, ಹೆರಿಗೆಯ ನೋವು ಬಂದ ನೆರೆಮನೆಯವರನ್ನು ರಾತ್ರಿ ಹೊತ್ತಿನಲ್ಲಿ ಕಾಸರಗೋಡಿನ ಆಸ್ಪತ್ರೆಗೆ ಕರೆದೊಯ್ಯಲು ಇದೇ ಕಾರು ಓಡಿದೆ. ಅಪ್ಪ ಹೋದ ಮೇಲೆ ಇದರ ಜವಾಬ್ದಾರಿ ನನ್ನದಾಯಿತು. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಕಾಂತ ಮತ್ತು ಸುರುಳಿಯ ಪಾಠವನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬಿಡಿಸಿದ್ದೇನೆ. ಅದೇ ಪಾಠ ಗ್ರೀಸು ಮತ್ತು ಇಂಗಾಲದ ಕರಿಪುಡಿಯೊಂದಿಗೆ ಕೈಗೆ ಬಂದದ್ದು ಈ ಮಳೆಗಾಲದಲ್ಲಿ.

ಮರುದಿನ ಪೇಟೆಯ ಒಂದು ವರ್ಕ್‌ಶಾಪಿಗೆ ಫೋನು ಮಾಡಿದಾಗ ಬಂದ ಉತ್ತರ ಬಹಳ ಸರಳವಾಗಿತ್ತು: ಡೈನಮೋ ಎಸೆದು ಮಾರುತಿ ಓಮ್ನಿಯ ಆಲ್ಟರ್ನೇಟರ್ ಹಾಕೋಣ, ಅರ್ಧ ದಿನದ ಕೆಲಸ. ಈ ಸಲಹೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಈಗಿನ ಕಾರುಗಳಲ್ಲಿ ಡೈನಮೋದ ಕೆಲಸ ಮಾಡುವ ಆಲ್ಟರ್ನೇಟರಿನ ಬಲ ನಿಜವಾದದ್ದು. ಡೈನಮೋದಲ್ಲಿ ಆರ್ಮೇಚರ್ ಎಂಬ ತಿರುಗುವ ಸುರುಳಿಯಲ್ಲೇ ಕರೆಂಟು ಹುಟ್ಟಿ, ಅದಷ್ಟೂ ಅದರ ತುದಿಯ ತಾಮ್ರದ ಪಟ್ಟಿಗಳ ಉರುಳೆಯಾದ ಕಮ್ಯುಟೇಟರ್ ಮತ್ತು ಅದಕ್ಕೆ ಒತ್ತಿ ನಿಂತ ಕಾರ್ಬನ್ ಬ್ರಷ್ಷುಗಳ ಮೂಲಕ ಹೊರಬರಬೇಕು. ಆಲ್ಟರ್ನೇಟರಿನಲ್ಲಿ ಕರೆಂಟು ಹುಟ್ಟುವುದು ಕದಲದೆ ನಿಂತ ಹೊರಸುರುಳಿಯಲ್ಲಿ. ಬ್ರಷ್ಷಿನ ಮೂಲಕ ಹಾಯುವುದು ಕಾಂತವನ್ನು ಎಬ್ಬಿಸಲು ಬೇಕಾದ ಸ್ವಲ್ಪ ಕರೆಂಟು ಮಾತ್ರ. ಆದ್ದರಿಂದ ಅದನ್ನು ಹೆಚ್ಚು ವೇಗವಾಗಿ ತಿರುಗಿಸಬಹುದು, ಎಂಜಿನ್ ನಿಧಾನವಾಗಿದ್ದಾಗಲೂ ಅದು ಚಾರ್ಜ್ ಕೊಡುತ್ತದೆ. ಅದರಲ್ಲಿ ಹುಟ್ಟುವ ಎಸಿ ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ಸಿಲಿಕಾನ್ ಡಯೋಡುಗಳು ಅಗ್ಗವಾಗಿ ಸಿಗುವ ತನಕ ಅದನ್ನು ಕಾರಿನಲ್ಲಿ ಕೂರಿಸುವುದು ಕಷ್ಟವಿತ್ತು. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿ ವೇಲಿಯಂಟ್ ಕಾರಿನಲ್ಲಿ ಅದನ್ನು ಹಾಕಿದ ಮೇಲೆ ಡೈನಮೋದ ಕಾಲ ಮುಗಿಯುತ್ತ ಬಂತು. ದಿನವೂ ಪೇಟೆಯ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಓಡುವ ಕಾರಿಗೆ, ಹ್ಯಾಲೊಜನ್ ದೀಪ ಮತ್ತು ಎಸಿ ಬೇಕೆನ್ನುವವರಿಗೆ ಆಲ್ಟರ್ನೇಟರೇ ಸರಿ ಎಂದು ನಾನೂ ಹೇಳುತ್ತೇನೆ.

ನಮ್ಮ ಕಾರಿನ ವಿಷಯ ಬೇರೆ. ಮೊದಲನೆಯದಾಗಿ, ಇದರಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಕಾರಿನ ಮೈಗೆ ಕಟ್ಟಿದೆ; ಆ ಕಾಲದ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಅದೇ ರೂಢಿ. ಈಗಿನ ಆಲ್ಟರ್ನೇಟರನ್ನು ಅದಕ್ಕೆ ಹಾಗೆಯೇ ಜೋಡಿಸಿದರೆ ಒಳಗಿನ ಡಯೋಡುಗಳು ಒಡನೆಯೇ ಸುಟ್ಟುಹೋಗುತ್ತವೆ. ಬ್ಯಾಟರಿಯನ್ನು ತಿರುಗಿಸಿ ಕಟ್ಟಬೇಕು, ಇಗ್ನಿಷನ್ ಕಾಯಿಲಿನ ಎರಡು ತಂತಿಗಳನ್ನು ಅದಲು ಬದಲು ಮಾಡಬೇಕು, ಡೈನಮೋದ ಚಾರ್ಜನ್ನು ನಿಯಂತ್ರಿಸುವ ಕಟೌಟ್ ಪೆಟ್ಟಿಗೆಯನ್ನು ಬಳಕೆಯಿಂದ ತೆಗೆಯಬೇಕು, ಕೆಂಪು ದೀಪದ ತಂತಿಯನ್ನು ಹೊಸದಾಗಿ ಎಳೆಯಬೇಕು, ಬ್ರಾಕೆಟ್ ಕಡಿದು ಬೆಸುಗೆ ಹಾಕಬೇಕು. ಎರಡನೆಯದಾಗಿ, ಡೈನಮೋ ಕೆಟ್ಟಿದೆ ಎಂದು ಫೋನಿನಲ್ಲಿ ತೀರ್ಪು ಕೊಟ್ಟವರು ಅದನ್ನು ಕಣ್ಣಿನಿಂದ ನೋಡಿರಲಿಲ್ಲ. ಚಾರ್ಜ್ ಆಗದಿರುವುದಕ್ಕೆ ಬೆಲ್ಟು ಕಾರಣವಿರಬಹುದು, ತಂತಿಯ ತುದಿಯಲ್ಲಿ ಕಡಲಗಾಳಿಗೆ ಹಿಡಿದ ಹಸಿರು ಕಿಲುಬು ಕಾರಣವಿರಬಹುದು, ಕಟೌಟ್ ಕಾರಣವಿರಬಹುದು. ನನ್ನ ಬಲವಾದ ನಂಬಿಕೆ ಏನೆಂದರೆ, ನಮ್ಮ ಊರುಗಳಲ್ಲಿ ಗುಜರಿಗೆ ಹೋದ ಡೈನಮೋಗಳಲ್ಲಿ ಎಷ್ಟೋ ಸತ್ತಿರಲಿಲ್ಲ; ಯಾರೂ ಪರೀಕ್ಷಿಸಿ ನೋಡಿರಲಿಲ್ಲ ಅಷ್ಟೆ.

ಪರೀಕ್ಷೆಗೆ ಬೇಕಾದ ಸಾಮಾನು ಒಂದು ವೋಲ್ಟ್ ಮೀಟರು ಮತ್ತು ಗೇಣುದ್ದದ ತಂತಿ. ನಮ್ಮ ಕಾರಿನ ಲೂಕಾಸ್ ಕಂಪೆನಿಯ ಡೈನಮೋದ ಹಿಂಬದಿಯಲ್ಲಿ ಎರಡು ಟರ್ಮಿನಲ್‌ಗಳಿವೆ. ದೊಡ್ಡದಕ್ಕೆ ಡಿ, ಅಂದರೆ ಆರ್ಮೇಚರಿನಿಂದ ಕರೆಂಟು ಹೊರಬರುವ ದಾರಿ. ಚಿಕ್ಕದಕ್ಕೆ ಎಫ್, ಅಂದರೆ ಕಾಂತವನ್ನು ಎಬ್ಬಿಸುವ ಫೀಲ್ಡ್ ಕಾಯಿಲಿಗೆ ಕರೆಂಟು ಹೋಗುವ ದಾರಿ. ಮೊದಲು ಬೆಲ್ಟನ್ನು ಒತ್ತಿ ನೋಡಿದೆ. ಉದ್ದನೆಯ ಬದಿಯಲ್ಲಿ ಅರ್ಧ ಇಂಚಿನಷ್ಟು ಬಗ್ಗಿತು, ಸರಿಯಾಗಿತ್ತು. ಆಮೇಲೆ ಎರಡೂ ತಂತಿಗಳನ್ನು ಕಳಚಿ, ಡಿ ಮತ್ತು ಎಫ್‌ಗಳನ್ನು ತುಂಡು ತಂತಿಯಿಂದ ಒಂದಕ್ಕೊಂದು ಸೇರಿಸಿ, ಆ ಜೋಡಣೆಗೂ ಡೈನಮೋದ ಮೈಗೂ ನಡುವೆ ಮೀಟರು ಹಿಡಿದು ಎಂಜಿನ್ ಚಾಲೂ ಮಾಡಿದೆ. ಡೈನಮೋ ಆರೋಗ್ಯವಾಗಿದ್ದರೆ ಎಂಜಿನಿನ ವೇಗವನ್ನು ಮೆಲ್ಲನೆ ಏರಿಸುತ್ತಿದ್ದಂತೆ ವೋಲ್ಟೇಜು ತಡೆಯಿಲ್ಲದೆ ಏರುತ್ತದೆ; 20 ವೋಲ್ಟಿನ ಮೇಲೆ ಹೋಗಲು ಬಿಡಬಾರದು, ಎಂಜಿನನ್ನು ನಿಮಿಷಕ್ಕೆ 1000 ಸುತ್ತಿನ ಮೇಲೆ ಓಡಿಸುವ ಅಗತ್ಯವೂ ಇಲ್ಲ. ಅರ್ಧದಿಂದ ಒಂದು ವೋಲ್ಟಿನಲ್ಲೇ ನಿಂತರೆ ಫೀಲ್ಡ್ ಕಾಯಿಲಿನ ಮೇಲೆ, 4 ಅಥವಾ 5 ವೋಲ್ಟಿನಲ್ಲಿ ನಿಂತರೆ ಆರ್ಮೇಚರಿನ ಮೇಲೆ ಸಂಶಯ ಪಡಬೇಕು. ಏನೂ ತೋರದಿದ್ದರೆ ಬ್ರಷ್ಷುಗಳನ್ನು ನೋಡಬೇಕು. ನನ್ನ ಮೀಟರಿನ ಮುಳ್ಳು ಸೊನ್ನೆಯಿಂದ ಕದಲಲೇ ಇಲ್ಲ. ಆ ಸೊನ್ನೆಯನ್ನು ನೋಡಿ ನನಗೆ ಸಮಾಧಾನವಾಯಿತು, ಏಕೆಂದರೆ ಮೂರು ಸಾಧ್ಯತೆಗಳಲ್ಲಿ ಅದೇ ಕಡಿಮೆ ಖರ್ಚಿನದು.

ಡೈನಮೋವನ್ನು ಕಳಚಿ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ, ಹರಡಿದ ಅಡಿಕೆ ಹಾಳೆಯ ಮೇಲೆ ಇಟ್ಟುಕೊಂಡೆ. ಹಾಳೆಯ ಬಿಳಿಚು ಒಳಮೈಯ ಮೇಲೆ ಚಿಕ್ಕ ವಾಷರು ಬಿದ್ದರೂ ಕಾಣುತ್ತದೆ, ಎಣ್ಣೆಯೂ ನೆಲಕ್ಕೆ ಇಳಿಯುವುದಿಲ್ಲ. ಇದು ಸಿ40 ಮಾದರಿಯ ಡೈನಮೋ. ಇದರ ಸಾಮರ್ಥ್ಯ ಹೆಚ್ಚೆಂದರೆ 22 ಆಂಪಿಯರ್. ಎರಡು ಉದ್ದನೆಯ ಬೋಲ್ಟುಗಳನ್ನು ಬಿಚ್ಚಿದರೆ ಹಿಂದಿನ ಮುಚ್ಚಳ, ನಡುವಿನ ಸಿಲಿಂಡರಿನಂಥ ಹೊರಮೈ, ಮುಂದಿನ ಬೇರಿಂಗಿನೊಡನೆ ಆರ್ಮೇಚರು ಎಂದು ಮೂರು ಭಾಗಗಳಾಗಿ ಬರುತ್ತದೆ. ಮುಚ್ಚಳ ಬೇರೆಯಾಗುತ್ತಿದ್ದಂತೆ ಸೊನ್ನೆಯ ಕಾರಣ ಕಂಡಿತು. ಒಂದು ಬ್ರಷ್ಷು ಕಾಲು ಇಂಚಿಗಿಂತ ಗಿಡ್ಡವಾಗಿ ಸವೆದು, ಅದರ ಗೂಡಿನಲ್ಲಿ ಎಣ್ಣೆ ಮತ್ತು ಇಂಗಾಲದ ಪುಡಿ ಬೆರೆತ ಕೆಸರಿನಲ್ಲಿ ಸಿಲುಕಿ ನಿಂತಿತ್ತು. ಸ್ಪ್ರಿಂಗು ಒತ್ತುತ್ತಿದ್ದರೂ ಅದು ಕಮ್ಯುಟೇಟರನ್ನು ಮುಟ್ಟುತ್ತಿರಲಿಲ್ಲ.

ಹೊಸ ಬ್ರಷ್ಷು ಹಾಕಿ ಮುಚ್ಚಿಬಿಡಬಹುದಿತ್ತು. ಕಾರು ಅಂದೇ ಓಡುತ್ತಿತ್ತು. ಆದರೆ ಬ್ರಷ್ಷು ಅಷ್ಟು ಬೇಗ ಏಕೆ ಸವೆಯಿತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೂರು ವರ್ಷದ ಹಿಂದೆಯಷ್ಟೇ ಇದೇ ಡೈನಮೋವನ್ನು ಬೇರೊಂದು ಪೇಟೆಯ ಅಂಗಡಿಯಲ್ಲಿ ರಿಪೇರಿ ಮಾಡಿಸಿ, ಪೂರ್ತಿ ಹೊಸತಾಗಿದೆ ಎಂಬ ಮಾತಿನೊಂದಿಗೆ ದುಡ್ಡು ತೆತ್ತು ತಂದಿದ್ದೆ. ಆರ್ಮೇಚರನ್ನು ಬೆಳಕಿಗೆ ಹಿಡಿದು ತಿರುಗಿಸಿದಾಗ ಅದರ ಕಬ್ಬಿಣದ ಮೈಮೇಲೆ ಒಂದು ಕಡೆ ಉಜ್ಜಿ ಹೊಳೆಯುವ ಗುರುತಿತ್ತು. ಹೊರಮೈಯ ಒಳಗಿನ ಕಾಂತಧ್ರುವದ ಮೇಲೂ ಅದೇ ಹೊಳಪು. ತಿರುಗುವ ಭಾಗ ನಿಂತ ಭಾಗವನ್ನು ಉಜ್ಜಿದೆ ಎಂದ ಮೇಲೆ ಅದನ್ನು ನಡುವಿನಲ್ಲಿ ಹಿಡಿದಿಡುವ ಬುಶ್ ಸವೆದಿರಲೇಬೇಕು. ಹಿಂಬದಿಯ ಮುಚ್ಚಳದ ಬುಶ್ಶಿನಲ್ಲಿ ಆರ್ಮೇಚರಿನ ತುದಿಯನ್ನು ಇಟ್ಟು ಅಲ್ಲಾಡಿಸಿದೆ. ಒರಳಿನಲ್ಲಿ ಒನಕೆ ಆಡಿದಂತೆ ಆಡಿತು.

ಅಲ್ಲಿಂದ ಮುಂದಿನ ಕೆಲಸಕ್ಕೆ ನನ್ನ ಕೈ ಸಾಲದು ಎಂದು ಗೊತ್ತಿತ್ತು. ಕುಂಬಳೆಯಲ್ಲಿ ಒಬ್ಬ ಹಿರಿಯ ಆಟೋ ಇಲೆಕ್ಟ್ರಿಷಿಯನ್ ಇದ್ದಾರೆ. ಅಪ್ಪನ ಕಾಲದಿಂದಲೂ ಪರಿಚಿತರು. ನಾನು ಅವರನ್ನು ಇಕ್ಕ, ಅಂದರೆ ಅಣ್ಣ, ಎಂದೇ ಕರೆಯುವುದು, ಅವರಿಗೆ ನಾನು ಮಾಷ್ಟ್ರು. ಅಂಗಡಿಗೆ ಬಂದವರ ಮುಖ ನೋಡಿ ಕನ್ನಡ, ತುಳು, ಮಲಯಾಳಗಳ ನಡುವೆ ಅವರು ಸಲೀಸಾಗಿ ದಾಟುತ್ತಾರೆ. ಈಗ ಅವರ ಕಣ್ಣು ಮಂಜಾಗಿದೆ, ದೊಡ್ಡ ಕೆಲಸಗಳನ್ನು ಮಗನಿಗೆ ಬಿಟ್ಟಿದ್ದಾರೆ. ಆದರೂ ಹಾಳೆಯಲ್ಲಿ ಸುತ್ತಿ ತಂದ ಡೈನಮೋವನ್ನು ನೋಡಿದೊಡನೆ ಮೇಜಿನ ಮೇಲೆ ಜಾಗ ಮಾಡಿದರು. ಹಳೆಯ ಬುಶ್ಶನ್ನು ಬೆರಳಿನಿಂದ ತಡವಿ, “ಇದು ಕಂಪೆನಿ ಬುಶ್ ಅಲ್ಲ ಮಾಷ್ಟ್ರೇ, ಯಾರೋ ಲೇತಿನಲ್ಲಿ ಹಿತ್ತಾಳೆ ಕಡೆದು ಕೂರಿಸಿದ್ದಾರೆ. ಎಣ್ಣೆ ಕುಡಿಯದ ಬುಶ್ ಎಷ್ಟು ದಿನ ಬಾಳುತ್ತದೆ?” ಎಂದರು.

ಈ ಒಂದು ಮಾತಿನಲ್ಲಿ ಇಡೀ ರೋಗದ ಮೂಲವಿತ್ತು. ಡೈನಮೋದ ಮುಂದಿನ ತುದಿಯಲ್ಲಿ ಬಾಲ್ ಬೇರಿಂಗ್ ಇದೆ, ಹಿಂದಿನ ತುದಿಯಲ್ಲಿ ಇರುವುದು ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ, ಮೈತುಂಬ ಸೂಕ್ಷ್ಮ ರಂಧ್ರಗಳಿರುವ ಬುಶ್. ಆ ರಂಧ್ರಗಳು ಎಣ್ಣೆಯನ್ನು ಹೀರಿ ಇಟ್ಟುಕೊಂಡು, ತಿರುಗುವ ಶಾಫ್ಟಿಗೆ ಬೇಕಾದಷ್ಟೇ ಉಣಿಸುತ್ತವೆ. ಗಟ್ಟಿ ಹಿತ್ತಾಳೆಗೆ ಆ ಗುಣವಿಲ್ಲ. ಅದು ಒಣಗಿ ಸವೆದು ಮೊಟ್ಟೆಯಾಕಾರಕ್ಕೆ ಬರುತ್ತದೆ, ಶಾಫ್ಟು ಕುಣಿಯುತ್ತದೆ, ಕುಣಿಯುವ ಕಮ್ಯುಟೇಟರಿನ ಮೇಲೆ ಬ್ರಷ್ಷು ಹಾರುತ್ತದೆ, ಹಾರಿದಾಗಲೆಲ್ಲ ಕಿಡಿ ಹುಟ್ಟುತ್ತದೆ, ಕಿಡಿ ತಾಮ್ರವನ್ನೂ ಇಂಗಾಲವನ್ನೂ ತಿನ್ನುತ್ತದೆ. ನಾನೂ ಒಂದು ತಪ್ಪು ಸೇರಿಸಿದ್ದೆ. ಹೋದ ಬೇಸಿಗೆಯಲ್ಲಿ ಕೆಂಪು ದೀಪ ಆಗಾಗ ಮಿನುಗುತ್ತಿದ್ದಾಗ ಬೆಲ್ಟು ಸಡಿಲವಾಗಿರಬೇಕೆಂದು ಎಳೆದು ಬಿಗಿ ಮಾಡಿದ್ದೆ. ಅತಿಯಾಗಿ ಬಿಗಿದ ಬೆಲ್ಟು ಶಾಫ್ಟನ್ನು ಒಂದೇ ಬದಿಗೆ ಜಗ್ಗಿ ಬುಶ್ಶಿನ ಸವೆತವನ್ನು ಹೆಚ್ಚಿಸುತ್ತದೆ. ಅಲ್ಲದೆ ಶಾಫ್ಟು ಒಣಗದಿರಲೆಂದು ಹಿಂದಿನ ಎಣ್ಣೆರಂಧ್ರಕ್ಕೆ ಎರಡು ಹನಿಯ ಬದಲು ಧಾರಾಳವಾಗಿ ಎಣ್ಣೆ ಬಿಟ್ಟದ್ದೂ ನಾನೇ. ಬ್ರಷ್ಷಿನ ಗೂಡಿನ ಕೆಸರು ಬಂದದ್ದು ಅಲ್ಲಿಂದ.

ಇಕ್ಕ ಆರ್ಮೇಚರನ್ನು ಗ್ರೌಲರಿನ ಮೇಲೆ ಇಟ್ಟರು. ಇಂಗ್ಲಿಷಿನ ವಿ ಅಕ್ಷರದಂತೆ ಬಾಯ್ತೆರೆದ ಕಬ್ಬಿಣದ ತಿರುಳಿಗೆ ಸುರುಳಿ ಸುತ್ತಿ, ಮನೆಯ ಎಸಿ ಕರೆಂಟು ಕೊಟ್ಟ ಉಪಕರಣವದು. ಅದರ ಮೇಲೆ ಆರ್ಮೇಚರನ್ನು ಮೆಲ್ಲನೆ ತಿರುಗಿಸುತ್ತ, ಒಂದು ಹ್ಯಾಕ್ಸಾ ಬ್ಲೇಡನ್ನು ಅದರ ಮೈಗೆ ತಾಗಿಯೂ ತಾಗದಂತೆ ಹಿಡಿದರು. ಒಳಗೆ ಯಾವುದಾದರೂ ಸುತ್ತು ಶಾರ್ಟ್ ಆಗಿದ್ದರೆ ಆ ಜಾಗದಲ್ಲಿ ಬ್ಲೇಡು ಜೀರುಂಡೆಯಂತೆ ಝೇಂಕರಿಸುತ್ತದೆ. ಪೂರ್ತಿ ಒಂದು ಸುತ್ತು ಬಂದರೂ ಬ್ಲೇಡು ಸುಮ್ಮನಿತ್ತು. ಸೀರೀಸ್ ಲ್ಯಾಂಪಿನ ಒಂದು ತಂತಿಯನ್ನು ಶಾಫ್ಟಿಗೂ ಇನ್ನೊಂದನ್ನು ಕಮ್ಯುಟೇಟರಿಗೂ ಮುಟ್ಟಿಸಿದಾಗ ಬಲ್ಬು ಉರಿಯಲಿಲ್ಲ. ಸುರುಳಿ ಕಬ್ಬಿಣಕ್ಕೆ ತಗುಲಿಲ್ಲ ಎಂದು ಖಾತ್ರಿಯಾಯಿತು. ಫೀಲ್ಡ್ ಕಾಯಿಲನ್ನು ನಾನೇ ಮಲ್ಟಿಮೀಟರಿನಲ್ಲಿ ಅಳೆದೆ: 6.1 ಓಮ್. ಈ ಡೈನಮೋಗೆ ಸುಮಾರು 6 ಓಮ್ ಇರಬೇಕು. ಗಮನಾರ್ಹವಾಗಿ ಕಡಿಮೆಯಾದರೆ ಒಳಗೆ ಶಾರ್ಟ್, ಮೀಟರು ಏನೂ ತೋರದಿದ್ದರೆ ತಂತಿ ತುಂಡಾಗಿದೆ ಎಂದರ್ಥ. ಅರುವತ್ತು ವರ್ಷದ ಹಿಂದೆ ಸುತ್ತಿದ ಎರಡೂ ಸುರುಳಿಗಳು ಗಟ್ಟಿಯಾಗಿದ್ದವು. ಸವೆದದ್ದು ಸವೆಯಲೆಂದೇ ಇಟ್ಟ ಭಾಗಗಳು ಮಾತ್ರ. ಎಸೆಯಿರಿ ಎಂಬ ಸಲಹೆಗೆ ಅಂದು ಮಧ್ಯಾಹ್ನ ನನಗೆ ಪೂರ್ತಿ ಉತ್ತರ ಸಿಕ್ಕಿತು.

ಕಮ್ಯುಟೇಟರಿನ ಮೇಲೆ ಬ್ರಷ್ಷಿನ ಅಗಲಕ್ಕೆ ಒಂದು ಹಳ್ಳ ಬಿದ್ದಿತ್ತು. ಹಿಂದಿನವರು ಅದನ್ನು ಎಮ್ರಿ ಪೇಪರಿನಿಂದ ಉಜ್ಜಿ ಹೊಳಪು ಕೊಟ್ಟ ಗೀರುಗಳೂ ಇದ್ದವು. ಎಮ್ರಿಯ ಗಡಸು ಕಣಗಳು ತಾಮ್ರದಲ್ಲಿ ಹೂತುಕೊಂಡು ಆಮೇಲೆ ಬ್ರಷ್ಷನ್ನು ಅರದಂತೆ ಅರೆಯುತ್ತವೆ. ಬಡಗಿಗಳು ಮರ ನುಣುಪು ಮಾಡಲು ಬಳಸುವ ಗಾಜುಪುಡಿಯ ಕಾಗದವೇ ಇದಕ್ಕೆ ಯೋಗ್ಯ. ಹಳ್ಳ ಆಳವಿದ್ದ ಕಾರಣ ಕಾಗದದಿಂದ ಹೋಗುವಂತಿರಲಿಲ್ಲ. ಲೇತಿನಲ್ಲಿ ಸಿಪ್ಪೆ ತೆಗೆಸಬೇಕಾಯಿತು. ಲೇತಿನವರಿಗೆ ಇಕ್ಕ ಹೇಳಿದ್ದು ಎರಡೇ ಮಾತು: ವೇಗ ಹೆಚ್ಚಿರಲಿ, ಕಡಿತ ತೆಳ್ಳಗಿರಲಿ. ಹಳ್ಳ ಮಾಯವಾಗುವಷ್ಟೇ ತೆಗೆಯಬೇಕು, ಏಕೆಂದರೆ ತೆಗೆದ ತಾಮ್ರ ಮರಳಿ ಬರುವುದಿಲ್ಲ.

ಸಿಪ್ಪೆ ತೆಗೆದ ಮೇಲಿನ ಕೆಲಸವನ್ನು ಅವರು ನನ್ನಿಂದಲೇ ಮಾಡಿಸಿದರು. ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ನಡುವೆ ಅಭ್ರಕದ ತೆಳುವಾದ ಗೋಡೆಗಳಿವೆ. ತಾಮ್ರಕ್ಕಿಂತ ಅಭ್ರಕ ನಿಧಾನವಾಗಿ ಸವೆಯುವುದರಿಂದ ಕಾಲಕ್ರಮದಲ್ಲಿ ಅದು ಎದ್ದು ನಿಂತು ಬ್ರಷ್ಷನ್ನು ತಾಮ್ರದಿಂದ ಎತ್ತಿಹಿಡಿಯುತ್ತದೆ. ಹಾಗಾಗಿ ಪ್ರತಿ ಗೋಡೆಯನ್ನೂ ಮೇಲ್ಮೈಗಿಂತ ಮಿಲಿಮೀಟರಿನ ಮುಕ್ಕಾಲು ಪಾಲಿನಷ್ಟು ಕೆಳಗೆ ಕೆರೆಯಬೇಕು. ಹ್ಯಾಕ್ಸಾ ಬ್ಲೇಡಿನ ತುಂಡೊಂದರ ಎರಡೂ ಕೆನ್ನೆಗಳನ್ನು ಸಾಣೆಗೆ ಹಿಡಿದು ಅಭ್ರಕದ ದಪ್ಪಕ್ಕೆ ತೆಳುವಾಗಿಸಿ, ಇಕ್ಕ ನನ್ನ ಕೈಗೆ ಕೊಟ್ಟರು. ಸಾಲು ಸಾಲಾಗಿ, ಗಾಡಿಯ ಜಾಡು ತಪ್ಪದ ಎತ್ತಿನಂತೆ, ಬ್ಲೇಡನ್ನು ನೇರಕ್ಕೆ ಎಳೆಯಬೇಕು; ಜಾರಿದರೆ ತಾಮ್ರದ ಮೇಲೆ ಗೀರು ಬೀಳುತ್ತದೆ. ಎರಡೂ ಮೂಲೆಗಳಲ್ಲಿ ಅಭ್ರಕದ ಚೂರು ಉಳಿಯದಂತೆ ಚೌಕವಾಗಿ ತೆಗೆಯಬೇಕು. ನನಗೆ ಹಿಡಿದದ್ದು ಒಂದೂವರೆ ಗಂಟೆ. ಅಂಗಡಿಯ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಅಷ್ಟು ಹೊತ್ತೂ ಇಕ್ಕ ಏನೂ ಮಾತಾಡದೆ ನನ್ನ ಕೈಯನ್ನೇ ನೋಡುತ್ತ ಕುಳಿತಿದ್ದರು. ಈ ರಿಪೇರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಒಂದೂವರೆ ಗಂಟೆ ಅದು.

ಬುಶ್ ಮತ್ತು ಬ್ರಷ್ಷುಗಳು ಮಂಗಳೂರಿನಿಂದ ಬರಲು ನಾಲ್ಕು ದಿನ ಹಿಡಿಯಿತು. ಹೊಸ ಬುಶ್ಶನ್ನು ಒಣಗಿದ್ದ ಹಾಗೆಯೇ ಕೂರಿಸಬಾರದು. 24 ಗಂಟೆ ತೆಳುವಾದ ಎಂಜಿನ್ ಆಯಿಲಿನಲ್ಲಿ ಮುಳುಗಿಸಿಡಬೇಕು. ಅವಸರವಿದ್ದವರು ಎಣ್ಣೆಯನ್ನು 100 ಡಿಗ್ರಿಗೆ ಕಾಯಿಸಿ ಎರಡು ಗಂಟೆ ಇಟ್ಟು, ಎಣ್ಣೆಯೊಳಗೇ ತಣಿಯಲು ಬಿಡುವುದೂ ಉಂಟು. ನನಗೆ ಅವಸರವಿರಲಿಲ್ಲ. ಒಂದು ಗೆರಟೆಯಲ್ಲಿ ಎಣ್ಣೆ ತುಂಬಿ ಅದರಲ್ಲಿ ಬುಶ್ಶನ್ನು ಬಿಟ್ಟು ಅಟ್ಟದ ಮೇಲೆ ಇಟ್ಟೆ. ಮೊದಲ ಗಂಟೆಯಲ್ಲಿ ಅದರ ಮೈಯಿಂದ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಏಳುತ್ತಿದ್ದವು. ರಂಧ್ರಗಳೊಳಗಿನ ಗಾಳಿ ಹೊರಟು ಎಣ್ಣೆ ಒಳಸೇರುವುದು ಹಾಗೆ ಕಣ್ಣಿಗೇ ಕಾಣುತ್ತದೆ. ಕೂರಿಸುವಾಗ ಶಾಫ್ಟಿನಷ್ಟೇ ದಪ್ಪದ, ಚೆನ್ನಾಗಿ ಪಾಲಿಶ್ ಮಾಡಿದ ಸರಳಿಗೆ ಬುಶ್ಶನ್ನು ತೊಡಿಸಿ ಒತ್ತಬೇಕು. ಬಿಗಿಯಾಯಿತೆಂದು ಆಮೇಲೆ ರೀಮರ್ ಹಾಕಿ ಕೊರೆದರೆ ರಂಧ್ರಗಳ ಬಾಯಿ ಮುಚ್ಚಿಹೋಗುತ್ತದೆ, ಬುಶ್ ಮತ್ತೆ ಹಿತ್ತಾಳೆಯ ಕೊಳವೆಯಷ್ಟೇ ಆಗುತ್ತದೆ.

ಹೊಸ ಬ್ರಷ್ಷುಗಳ ತುದಿ ಕಮ್ಯುಟೇಟರಿನ ದುಂಡನೆಯ ಮೈಗೆ ಹೊಂದುವಂತೆ ಗಾಜುಪುಡಿಯ ಕಾಗದದ ಮೇಲೆ ಒರೆಸಿಕೊಂಡೆ. ಈ ಮಾದರಿಯ ಡೈನಮೋದ ಹೊರಮೈಯಲ್ಲಿ ಕಿಟಕಿಗಳಿಲ್ಲ. ಆದ್ದರಿಂದ ಮುಚ್ಚಳ ಹಾಕುವಾಗ ಬ್ರಷ್ಷುಗಳು ಕಮ್ಯುಟೇಟರಿಗೆ ಅಡ್ಡ ಬರುತ್ತವೆ. ಉಪಾಯವೇನೆಂದರೆ, ಬ್ರಷ್ಷನ್ನು ಗೂಡಿನಲ್ಲಿ ಮೇಲಕ್ಕೆತ್ತಿ ಸ್ಪ್ರಿಂಗನ್ನು ಅದರ ಪಕ್ಕೆಗೆ ಒತ್ತುವಂತೆ ನಿಲ್ಲಿಸಬೇಕು. ಮುಚ್ಚಳ ಅರ್ಧ ಇಂಚು ಬಾಕಿ ಇರುವಾಗ ಗಾಳಿರಂಧ್ರದಿಂದ ತೆಳುವಾದ ಸ್ಕ್ರೂ ಡ್ರೈವರ್ ತೂರಿಸಿ ಸ್ಪ್ರಿಂಗನ್ನು ಬ್ರಷ್ಷಿನ ನೆತ್ತಿಗೆ ಎತ್ತಿ ಕೂರಿಸಬೇಕು. ಟಕ್ ಎಂಬ ಸಣ್ಣ ಸದ್ದು ಎರಡು ಸಲ ಕೇಳಬೇಕು. ನಾನು ಮೊದಲ ಸಲ ಒಂದೇ ಸದ್ದು ಕೇಳಿ ಮುಚ್ಚಿದ್ದೆ, ಪುನಃ ಬಿಚ್ಚಿದೆ.

ಕಾರಿಗೆ ಏರಿಸುವ ಮೊದಲು ಇನ್ನೊಂದು ಪರೀಕ್ಷೆ ಇದೆ. ಡೈನಮೋ ಮತ್ತು ಮೋಟಾರು ಒಂದೇ ಯಂತ್ರದ ಎರಡು ಮುಖಗಳು. ಡಿ ಮತ್ತು ಎಫ್‌ಗಳನ್ನು ಒಟ್ಟಿಗೆ ಬ್ಯಾಟರಿಯ ಜೀವಂತ ತುದಿಗೆ (ಕಾರಿನ ಮೈಗೆ ಕಟ್ಟದ ತುದಿಗೆ), ಡೈನಮೋದ ಮೈಯನ್ನು ಇನ್ನೊಂದು ತುದಿಗೆ ಜೋಡಿಸಿದರೆ ಆರೋಗ್ಯವಂತ ಡೈನಮೋ ಮೋಟಾರಿನಂತೆ ನಿಧಾನವಾಗಿ, ಏರುಪೇರಿಲ್ಲದೆ ತಿರುಗಬೇಕು. ಜಗಲಿಯ ಹಾಳೆಯ ಮೇಲೆ ಅದು ತಿರುಗತೊಡಗಿದಾಗ ನನ್ನ ಮೊಮ್ಮಗಳು ಅಡುಗೆಮನೆಯಿಂದ ಓಡಿಬಂದು ನೋಡಿದಳು. ಫ್ಯಾನಿನ ರೆಕ್ಕೆಗಳ ಹೊರತಾಗಿ ಯಾವ ಸದ್ದೂ ಇರಲಿಲ್ಲ.

ಅವಳಿಗೆ ವಿವರಿಸುವಾಗ ನನಗೆ ಹೊಳೆದ ಹೋಲಿಕೆಯೊಂದನ್ನು ಇಲ್ಲಿ ಬರೆಯುತ್ತೇನೆ. ಡೈನಮೋ ತನ್ನ ಕಾಂತವನ್ನು ತಾನೇ ಎಬ್ಬಿಸಿಕೊಳ್ಳುವ ಯಂತ್ರ. ಒಳಗಿನ ಕಬ್ಬಿಣದಲ್ಲಿ ಹಿಂದಿನ ಓಟದಿಂದ ಉಳಿದ ಎಳ್ಳಷ್ಟು ಕಾಂತತ್ವವಿರುತ್ತದೆ. ಆರ್ಮೇಚರು ತಿರುಗಿದಾಗ ಅದರಿಂದ ಒಂದೆರಡು ವೋಲ್ಟು ಹುಟ್ಟುತ್ತದೆ, ಅದೇ ಫೀಲ್ಡ್ ಕಾಯಿಲಿಗೆ ಹೋಗಿ ಕಾಂತವನ್ನು ಬಲಪಡಿಸುತ್ತದೆ, ಬಲವಾದ ಕಾಂತ ಇನ್ನಷ್ಟು ವೋಲ್ಟು ಹುಟ್ಟಿಸುತ್ತದೆ. ಈ ತತ್ತ್ವವನ್ನು 1866–67ರಲ್ಲಿ ಜರ್ಮನಿಯ ವರ್ನರ್ ಸೀಮೆನ್ಸ್, ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಮುಂತಾದವರು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಂಡುಕೊಂಡರು. ನಮ್ಮ ಮನೆಯಲ್ಲಿ ದಿನವೂ ನಡೆಯುವ ಕೆಲಸವೂ ಇದೇ ಅಲ್ಲವೇ? ನಿನ್ನೆಯ ಮಜ್ಜಿಗೆಯ ಒಂದು ಚಮಚ ಇಂದಿನ ಹಾಲನ್ನೆಲ್ಲ ಮೊಸರು ಮಾಡುತ್ತದೆ. ಹೆಪ್ಪು ಇಲ್ಲದೆ ಹಾಲು ಮೊಸರಾಗುವುದಿಲ್ಲ, ಉಳಿದ ಕಾಂತವಿಲ್ಲದೆ ಡೈನಮೋ ಏಳುವುದಿಲ್ಲ. ಮೊಸರಿನ ಹುಳಿ ಹೆಪ್ಪಿನ ಹುಳಿಯಂತಿರುವ ಹಾಗೆ, ಉಳಿದ ಕಾಂತದ ದಿಕ್ಕು ಯಾವುದೋ ಕರೆಂಟಿನ ದಿಕ್ಕೂ ಅದೇ. ಬಿಚ್ಚಿ ಜೋಡಿಸಿದ ಡೈನಮೋಗೆ ಆ ಕಾರಣಕ್ಕೆ ಹೊಸದಾಗಿ ಹೆಪ್ಪು ಹಾಕಬೇಕು. ಕಾರಿನಲ್ಲಿ ಕೂರಿಸಿ, ಎಫ್‌ಗೆ ಕಟೌಟ್ ಪೆಟ್ಟಿಗೆಯ ತಂತಿಯನ್ನು ಜೋಡಿಸುವ ಮೊದಲು, ಬ್ಯಾಟರಿಯ ಜೀವಂತ ತುದಿಯಿಂದ ಒಂದು ತಂತಿಯನ್ನು ಎಫ್‌ಗೆ ಎರಡು ಮೂರು ಸಲ ಕ್ಷಣ ಮಾತ್ರ ಮುಟ್ಟಿಸಿ ತೆಗೆಯಬೇಕು. ಪಾಸಿಟಿವ್ ತುದಿ ಮೈಗೆ ಕಟ್ಟಿದ ನಮ್ಮ ಕಾರಿನಲ್ಲಿ ಜೀವಂತ ತುದಿ ನೆಗೆಟಿವ್ ಎಂಬುದನ್ನು ಮರೆಯಬಾರದು. ಸಣ್ಣ ಕಿಡಿ ಹಾರುತ್ತದೆ, ಹೆಪ್ಪು ಕೂತಿತು.

ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡಿದೆ. ಡಿ ಮತ್ತು ಎಫ್ ಜೋಡಿಸಿ ಎಂಜಿನಿನ ವೇಗ ಏರಿಸುತ್ತಿದ್ದಂತೆ ಮುಳ್ಳು 5, 10, 15 ದಾಟಿತು, ಕೈ ತೆಗೆದೆ.

ಉಳಿದದ್ದು ಕಟೌಟ್ ಪೆಟ್ಟಿಗೆ. ನಮ್ಮ ಕಡೆ ಎಲ್ಲರೂ ಕಟೌಟ್ ಎಂದು ಕರೆಯುವ ಆ ಕಪ್ಪು ಮುಚ್ಚಳದ ಪೆಟ್ಟಿಗೆಯೊಳಗೆ ನಿಜವಾಗಿ ಎರಡು ಉಪಕರಣಗಳಿವೆ. ಕಟೌಟ್ ಎಂಬುದು ಬಾಗಿಲು ಕಾಯುವವನು: ಡೈನಮೋದ ವೋಲ್ಟೇಜು 12.7ರಿಂದ 13.3ರ ನಡುವೆ ಬಂದಾಗ ಬ್ಯಾಟರಿಗೆ ದಾರಿ ತೆರೆಯುತ್ತದೆ, ಎಂಜಿನ್ ನಿಧಾನವಾದಾಗ ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿಯದಂತೆ ಮುಚ್ಚುತ್ತದೆ. ರೆಗ್ಯುಲೇಟರು ಫೀಲ್ಡ್ ಕಾಯಿಲಿನ ಕರೆಂಟನ್ನು ಕ್ಷಣಕ್ಷಣಕ್ಕೂ ತಡೆದು ಬಿಟ್ಟು ವೋಲ್ಟೇಜನ್ನು ಹಿಡಿತದಲ್ಲಿಡುತ್ತದೆ. ಕಟೌಟಿನ ಪಾಯಿಂಟುಗಳ ನಡುವೆ ದಪ್ಪ ಕಾಗದದ ತುಂಡು ಇಟ್ಟು, ಬ್ಯಾಟರಿಯ ಭಾರವಿಲ್ಲದೆ ಅಳೆದರೆ, ನಮ್ಮಲ್ಲಿರುವ ಹಳೆಯ ಮಾದರಿಯ ಪೆಟ್ಟಿಗೆಯಲ್ಲಿ 30 ಡಿಗ್ರಿ ಸೆಕೆಗೆ 15.9ರಿಂದ 16.5 ವೋಲ್ಟು ಬರಬೇಕು. ಅರ್ಧ ನಿಮಿಷದೊಳಗೆ ಅಳೆದು ಮುಗಿಸಬೇಕು, ತಡವಾದರೆ ಸುರುಳಿ ಬಿಸಿಯಾಗಿ ಸುಳ್ಳು ಲೆಕ್ಕ ತೋರಿಸುತ್ತದೆ. ನಮ್ಮದು 16.2 ತೋರಿಸಿತು, ಸ್ಕ್ರೂ ಮುಟ್ಟಲಿಲ್ಲ. ಆದರೆ ಇ ಎಂದು ಗುರುತು ಹಾಕಿದ ತಂತಿ ಕಾರಿನ ಮೈಗೆ ಸೇರುವಲ್ಲಿ ತುಕ್ಕು ಹಿಡಿದಿತ್ತು. ಆ ತಂತಿ ಸಡಿಲವಾದರೆ ರೆಗ್ಯುಲೇಟರಿಗೆ ಹಿಡಿತವೇ ಇಲ್ಲದಾಗಿ ಡೈನಮೋ ಮಿತಿಮೀರಿ ಕರೆಂಟು ಹುಟ್ಟಿಸುತ್ತದೆ. ಕೆರೆದು ಸ್ವಚ್ಛ ಮಾಡಿ, ಹೊಸ ವಾಷರು ಹಾಕಿ ಬಿಗಿದೆ.

ಕೆಂಪು ದೀಪದ ಬಗ್ಗೆಯೂ ಒಂದು ಮಾತು. ಅದರ ಒಂದು ತುದಿ ಇಗ್ನಿಷನ್ ಸ್ವಿಚ್ಚಿಗೆ, ಇನ್ನೊಂದು ಡೈನಮೋದ ಡಿ ಕಡೆಗೆ. ಎರಡೂ ಕಡೆ ವೋಲ್ಟೇಜು ಸಮವಾದಾಗ ಕರೆಂಟು ಹರಿಯಲು ಕಾರಣವಿಲ್ಲದೆ ದೀಪ ಆರುತ್ತದೆ. ಹಾಗಾಗಿ ವೇಗದಲ್ಲಿ ಮಂಕಾಗಿ ಉರಿಯುವ ದೀಪ ಎಷ್ಟೋ ಸಲ ಡೈನಮೋದ ದೋಷವಲ್ಲ, ಕಟೌಟಿನ ಸುಟ್ಟ ಪಾಯಿಂಟುಗಳದ್ದು. ಆದರೆ ಚಾರ್ಜು ಮಿತಿಮೀರಿದರೆ ಈ ದೀಪ ಎಚ್ಚರಿಸುವುದಿಲ್ಲ. ಅದಕ್ಕಾಗಿ ತಿಂಗಳಿಗೊಮ್ಮೆ ಬ್ಯಾಟರಿಯ ನೀರಿನ ಮಟ್ಟವನ್ನು ನೋಡುತ್ತಿರಬೇಕು.

ಆ ರಾತ್ರಿಯ ಲೆಕ್ಕವನ್ನು ಆಮೇಲೆ ಕಾಗದದ ಮೇಲೆ ಹಾಕಿ ನೋಡಿದೆ. 45 ವಾಟಿನ ಎರಡು ಹೆಡ್‌ಲೈಟುಗಳಿಗೆ 7.5 ಆಂಪಿಯರ್, ಬದಿಯ ಮತ್ತು ಹಿಂದಿನ ದೀಪಗಳಿಗೆ ಎರಡೂವರೆ, ಇಗ್ನಿಷನ್ನಿಗೆ ಸುಮಾರು ಮೂರು, ವೈಪರಿಗೆ ಮತ್ತೆ ಮೂರರಷ್ಟು. ಒಟ್ಟು 16 ಆಂಪಿಯರ್. 22ರಲ್ಲಿ 16 ಹೋದರೆ ಬ್ಯಾಟರಿಗೆ ಉಳಿಯುವುದು ಆರು, ಅದೂ ಎಂಜಿನ್ ಒಳ್ಳೆಯ ವೇಗದಲ್ಲಿದ್ದರೆ ಮಾತ್ರ. ಡೈನಮೋದ ಕಾರಿಗೆ ಇದು ಸಾಕು, ಮಿಗುವುದಿಲ್ಲ. ಇಳಿಜಾರಿನಲ್ಲಿ ಗಿಯರಿನಲ್ಲೇ ಇಳಿಯುವುದು, ರೈಲ್ವೆ ಗೇಟಿನಲ್ಲಿ ನಿಂತಾಗ ಹೆಡ್‌ಲೈಟು ಆರಿಸುವುದು, ಬ್ಯಾಟರಿ ಇಳಿದ ದಿನ ಸ್ವಲ್ಪ ದೂರದ ದಾರಿ ಹಿಡಿಯುವುದು ಅಪ್ಪನಿಗೆ ಅಭ್ಯಾಸವಾಗಿತ್ತು. ಅವರು ಜಿಪುಣತನದಿಂದ ಹಾಗೆ ಮಾಡುತ್ತಾರೆಂದು ಚಿಕ್ಕವನಾಗಿದ್ದಾಗ ನಾನು ತಿಳಿದಿದ್ದೆ. ಅವರು ಆಂಪಿಯರ್ ಲೆಕ್ಕ ಇಡುತ್ತಿದ್ದರು.

ಆಟಿಯ ಮುಂದಿನ ಸೋಣ ತಿಂಗಳಿನ ಮೊದಲ ವಾರ ಮತ್ತೆ ರಾತ್ರಿಯ ಮಳೆಯಲ್ಲಿ ವಿಟ್ಲಕ್ಕೆ ಹೋಗಿ ಬಂದೆ. ಸೀಟಿನ ಮೇಲೆ ಮಲ್ಟಿಮೀಟರ್ ಇಟ್ಟುಕೊಂಡಿದ್ದೆ. ಎಲ್ಲ ದೀಪ ಮತ್ತು ವೈಪರು ಓಡುತ್ತಿದ್ದಾಗ ಬ್ಯಾಟರಿಯಲ್ಲಿ 13.4, ವೈಪರು ನಿಲ್ಲಿಸಿ ದೀಪ ಆರಿಸಿದಾಗ 14.1. ಪೆರ್ಲದ ತಿರುವಿನಲ್ಲಿ ಎಂಜಿನ್ ನಿಧಾನವಾದಾಗ ಕೆಂಪು ದೀಪ ಒಮ್ಮೆ ಮಿನುಗಿ, ಗಿಯರು ಇಳಿಸಿ ವೇಗ ಕೊಟ್ಟೊಡನೆ ಆರಿತು. ಮರುದಿನ ಕುಂಬಳೆಗೆ ಹೋಗಿ ಇಕ್ಕನಿಗೆ ಅಂಕಿಗಳನ್ನು ಹೇಳಿದೆ. ಅವರು ತಲೆಯಾಡಿಸಿ, ಐನೂರು ಕಿಲೋಮೀಟರ್ ಓಡಿದ ಮೇಲೆ ಹಿಂದಿನ ಮುಚ್ಚಳ ತೆಗೆದು ಬ್ರಷ್ಷು ಪೂರ್ತಿ ಮುಖದಲ್ಲಿ ಕೂತಿದೆಯೇ ಎಂದು ನೋಡಬೇಕು, ಅಲ್ಲಿಯವರೆಗೆ ಎಣ್ಣೆಯ ಡಬ್ಬಿಯನ್ನು ಮುಟ್ಟಬೇಡಿ ಎಂದರು. ಈಗ ಮುನ್ನೂರ ಎಂಬತ್ತು ಆಗಿದೆ.